ಟೆಕ್ನಿಕಲ್ ರೈಟರ್ ಆಗಬೇಕಾ? ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಇಷ್ಟು ಮಾಡಿ

ಕೋಡಿಂಗ್ ಒಗ್ಗಲಿಲ್ಲ, ಆದರೂ ಐಟಿಯಲ್ಲೇ ಇರಬೇಕು ಅನ್ನುವವರಿಗೆ ಯಾರಾದರೂ ಒಬ್ಬರು ಟೆಕ್ನಿಕಲ್ ರೈಟಿಂಗ್ ಹೆಸರು ಹೇಳಿಯೇ ಹೇಳುತ್ತಾರೆ. ಆ ಕೆಲಸ ಏನು ಅಂತ ಹೇಳಿದವರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಅದು ಬೇರೆ ಮಾತು.

ಒಂದು ಸಾಫ್ಟ್‌ವೇರೋ ಯಂತ್ರವೋ ಇದೆ. ಅದನ್ನು ಹಾಕಿಕೊಳ್ಳುವುದು ಹೇಗೆ, ನಡೆಸುವುದು ಹೇಗೆ, ಕೆಟ್ಟರೆ ಏನು ಮಾಡಬೇಕು ಅಂತ ಬಳಸುವವರಿಗೆ ಅರ್ಥವಾಗುವಂತೆ ಬರೆಯುವುದೇ ಈ ಕೆಲಸ. ಯೂಸರ್ ಗೈಡ್, ರಿಲೀಸ್ ನೋಟ್ಸ್ (ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಅನ್ನುವ ಟಿಪ್ಪಣಿ), ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಡಾಕ್ಯುಮೆಂಟ್, ಕೆಲವು ಕಡೆ ಪರದೆಯ ಮೇಲೆ ಬರುವ ಎರರ್ ಮೆಸೇಜ್ ಕೂಡ. ಬೆಂಗಳೂರಿನಲ್ಲಿ ಎಸ್‌ಎಪಿ, ಒರಾಕಲ್, ಸಿಸ್ಕೊ ಥರದ ದೊಡ್ಡ ಪ್ರಾಡಕ್ಟ್ ಕಂಪನಿಗಳಲ್ಲಿ ಈ ಕೆಲಸ ಮಾಡುವವರು ಇದ್ದಾರೆ. ಕೆಲಸ ಹುಡುಕುವಾಗ 'ಟೆಕ್ನಿಕಲ್ ರೈಟರ್' ಅಂತ ಮಾತ್ರ ಟೈಪ್ ಮಾಡಬೇಡಿ. ಇದೇ ಕೆಲಸಕ್ಕೆ ಇನ್ಫರ್ಮೇಶನ್ ಡೆವಲಪರ್, ಯೂಸರ್ ಅಸಿಸ್ಟೆನ್ಸ್ ಡೆವಲಪರ್, ಡಾಕ್ಯುಮೆಂಟೇಶನ್ ಇಂಜಿನಿಯರ್ ಅಂತೆಲ್ಲ ಹೆಸರಿದೆ. 'ಕಂಟೆಂಟ್ ರೈಟರ್' ಅಂದರೆ ಸಾಮಾನ್ಯವಾಗಿ ಜಾಹೀರಾತಿನ ಕಡೆಯ ಬರವಣಿಗೆ, ಅದು ಬೇರೆ ದಾರಿ.

ಕನ್ನಡ ಮೀಡಿಯಂನಲ್ಲಿ ಓದಿದವರು ಹೆದರುವುದು ಇಂಗ್ಲಿಷಿಗೆ. ಇಲ್ಲಿನ ಕೆಲಸ ಬಹುಪಾಲು ಇಂಗ್ಲಿಷಿನಲ್ಲೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಬೇಕಿರುವುದು ಸರಳವಾದ, ತಪ್ಪಿಲ್ಲದ ಇಂಗ್ಲಿಷ್. ವಿಮಾನ ರಿಪೇರಿಯ ಮ್ಯಾನ್ಯುಯಲ್‌ಗಳಿಗೆ ಅಂತ ಎಎಸ್‌ಡಿ-ಎಸ್‌ಟಿಇ100 ಅನ್ನುವ ನಿಯಮಗಳಿವೆ. ಹೀಗೆ ಮಾಡಿ ಅಂತ ಹೇಳುವ ವಾಕ್ಯ 20 ಪದ ದಾಟಬಾರದು, ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಯಾಕೆ ಅಂದರೆ ಅದನ್ನು ಓದುವ ಎಷ್ಟೋ ಮೆಕ್ಯಾನಿಕ್‌ಗಳ ಮನೆಮಾತು ಇಂಗ್ಲಿಷ್ ಅಲ್ಲ. ಹಾಗಾಗಿ ಕಷ್ಟಪಟ್ಟು ಇಂಗ್ಲಿಷ್ ಕಲಿತ ನಿಮಗೆ ಓದುಗ ಎಲ್ಲಿ ತಡವರಿಸುತ್ತಾನೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ಅಲಂಕಾರದ ಇಂಗ್ಲಿಷ್ ಬರೆಯುವ ಅಭ್ಯಾಸ ಇರುವವರೇ ಇಲ್ಲಿ ಜಾಸ್ತಿ ಕಷ್ಟಪಡುತ್ತಾರೆ.

ಕಲಿಯುವುದಕ್ಕೆ ದುಡ್ಡು ಬೇಡ. ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಒನ್ ಮತ್ತು ಟೂ ಕೋರ್ಸ್‌ಗಳು ಉಚಿತ, ಮೊದಲು ಅವನ್ನು ಮುಗಿಸಿ. ಆಮೇಲೆ ಮೈಕ್ರೋಸಾಫ್ಟ್‌ನದೋ ಗೂಗಲ್‌ನದೋ ಒಂದು ಸ್ಟೈಲ್ ಗೈಡ್ (ಹೇಗೆ ಬರೆಯಬೇಕು ಅನ್ನುವ ನಿಯಮಗಳ ಕೈಪಿಡಿ) ಪಕ್ಕದಲ್ಲಿ ತೆರೆದಿಟ್ಟುಕೊಂಡು ಬರೆಯುತ್ತಾ ಹೋಗಿ. ಮೊದಲಿನಿಂದ ಕೊನೆಯವರೆಗೆ ಕೂತು ಓದಲು ಹೋದರೆ ನಿದ್ದೆ ಗ್ಯಾರಂಟಿ. 'ಬಳಕೆದಾರರಿಂದ ಸೇವ್ ಬಟನ್ ಒತ್ತಲ್ಪಟ್ಟ ನಂತರ ಫೈಲನ್ನು ಉಳಿಸಲಾಗುವುದು' ಅನ್ನುವ ಕಡೆ 'ಸೇವ್ ಒತ್ತಿ. ಫೈಲ್ ಉಳಿಯುತ್ತದೆ' ಅಂತ ತಾನಾಗಿಯೇ ಕೈ ಬರೆಯಬೇಕು, ಅಷ್ಟು ರೂಢಿಯಾಗಲಿ.

ಟೂಲ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಮಾರ್ಕ್‌ಡೌನ್ (ಸರಳ ಚಿಹ್ನೆ ಹಾಕಿ ತಲೆಬರಹ, ಪಟ್ಟಿ ಬರೆಯುವ ಪದ್ಧತಿ) ಕಲಿಯುವುದು ಒಂದು ಸಂಜೆಯ ಕೆಲಸ. ಗಿಟ್ (ಫೈಲಿನಲ್ಲಿ ಯಾರು ಏನು ಬದಲಿಸಿದರು ಅಂತ ಲೆಕ್ಕ ಇಡುವ ಟೂಲ್) ಸ್ವಲ್ಪ ತಲೆ ತಿನ್ನುತ್ತದೆ, ಆದರೆ ಬೇಕೇ ಬೇಕು. ಡಿಟಾ ಅಂದರೆ ಏನು ಅಂತ ತಿಳಿದಿರಲಿ: ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಓಯಸಿಸ್ ಸಂಸ್ಥೆಯ ಸ್ಟ್ಯಾಂಡರ್ಡ್ ಆದ ಎಕ್ಸ್ಎಂಎಲ್ (ಟ್ಯಾಗ್ ಹಾಕಿ ಬರೆಯುವ) ಪದ್ಧತಿ ಅದು. ಒಮ್ಮೆ ಬರೆದ ತುಣುಕನ್ನು ಹತ್ತು ಮ್ಯಾನ್ಯುಯಲ್‌ಗಳಲ್ಲಿ ಮತ್ತೆ ಬಳಸುವುದಕ್ಕೆ ದೊಡ್ಡ ಕಂಪನಿಗಳು ಅದನ್ನು ಇಟ್ಟುಕೊಂಡಿವೆ. ಫ್ಲೇರ್, ಫ್ರೇಮ್‌ಮೇಕರ್ ಥರದ ಮ್ಯಾನ್ಯುಯಲ್ ಬರೆಯುವ ಸಾಫ್ಟ್‌ವೇರ್ ಎಲ್ಲ ದುಬಾರಿ, ಸ್ವಂತ ದುಡ್ಡಿನಲ್ಲಿ ಕೊಳ್ಳಬೇಡಿ, ಕೆಲಸಕ್ಕೆ ಸೇರಿದ ಮೇಲೆ ಕಂಪನಿ ಕೊಡುತ್ತದೆ. ಪೋಸ್ಟ್‌ಮ್ಯಾನ್ ಅನ್ನುವ, ಎಪಿಐ ಪರೀಕ್ಷಿಸುವ ಟೂಲ್ ಹಾಕಿಕೊಂಡು ಯಾವುದಾದರೂ ಉಚಿತ ಎಪಿಐಗೆ ರಿಕ್ವೆಸ್ಟ್ ಕಳಿಸಿ ನೋಡಿ. ಬಂದ ಉತ್ತರದ ಒಂದೊಂದು ಸಾಲು ಏನು ಅಂತ ವಿವರಿಸಲು ಬಂದರೆ ನಿಮ್ಮ ಬೆಲೆ ಹೆಚ್ಚುತ್ತದೆ.

ಈಗ ನಿಜವಾದ ಕೆಲಸ, ಸ್ಯಾಂಪಲ್, ಅಂದರೆ ನೀವೇ ಬರೆದ ಮಾದರಿ ಗೈಡ್. ಅನುಭವ ಇಲ್ಲದವರನ್ನು ಅಳೆಯಲು ಕಂಪನಿಯವರ ಹತ್ತಿರ ಇರುವುದು ಇದೊಂದೇ. ಎಲ್ಲರೂ ವಾಟ್ಸಾಪ್ ಬಳಸುವುದು ಹೇಗೆ ಅಂತ ಬರೆದು ಕಳಿಸುತ್ತಾರೆ, ಅದನ್ನು ಯಾರು ಓದಬೇಕು? ನಿಮ್ಮ ಸುತ್ತ ಇರುವ, ಮ್ಯಾನ್ಯುಯಲ್ ಸರಿಯಿಲ್ಲದ ಒಂದು ವಸ್ತು ಹುಡುಕಿ. ತೋಟದ ಬೋರ್‌ವೆಲ್ ಮೋಟರ್‌ಗೆ ಹಾಕುವ, ಫೋನ್ ಮಾಡಿ ಆನ್ ಮಾಡುವ ಮೊಬೈಲ್ ಸ್ಟಾರ್ಟರನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ತ್ರೀ ಫೇಸ್ ಕರೆಂಟ್ ರಾತ್ರಿ ಯಾವಾಗಲೋ ಬರುತ್ತದೆ ಅಂತ ರೈತರು ಇದನ್ನು ಹಾಕಿಸಿರುತ್ತಾರೆ. ಜೊತೆಗೆ ಬಂದ ಚೀಟಿಯನ್ನು ಓದಿ ಅದನ್ನು ಸೆಟ್ ಮಾಡಲು ಎಷ್ಟೋ ಜನಕ್ಕೆ ಆಗುವುದಿಲ್ಲ, ಎಲೆಕ್ಟ್ರಿಷಿಯನ್‌ನನ್ನೇ ಕರೆಸಬೇಕು.

ಬರೆಯುವ ಮೊದಲು ಓದುವವರು ಯಾರು ಅಂತ ತೀರ್ಮಾನ ಮಾಡಿ. ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ನಾ, ಮನೆಯಲ್ಲಿ ಕೂತು ಮೋಟರ್ ಆನ್ ಮಾಡುವ ರೈತನಾ? ಇಬ್ಬರಿಗೂ ಸೇರಿಸಿ ಒಂದೇ ಗೈಡ್ ಬರೆದರೆ ಇಬ್ಬರಿಗೂ ಉಪಯೋಗವಿಲ್ಲ. ರೈತನಿಗೆ ಅಂತಾದರೆ, ಶುರುವಿನಲ್ಲಿ ಏನೇನು ಬೇಕು ಅಂತ ಹೇಳಿ: ಕರೆನ್ಸಿ ಇರುವ ಸಿಮ್, ಅದರ ಪಿನ್ ಲಾಕ್ ತೆಗೆದಿರಬೇಕು, ಪಂಪ್ ಮನೆ ಹತ್ತಿರ ಸಿಗ್ನಲ್ ಇರಬೇಕು. ಆಮೇಲೆ ಹೆಜ್ಜೆಗಳು, ಒಂದು ಹೆಜ್ಜೆಗೆ ಒಂದೇ ಕೆಲಸ. ಪ್ರತಿ ಹೆಜ್ಜೆ ಆದ ಮೇಲೆ ಏನು ಕಾಣಿಸಬೇಕು, ಯಾವ ದೀಪ ಹತ್ತಬೇಕು, ಯಾವ ಮೆಸೇಜ್ ಬರಬೇಕು ಅಂತಲೂ ಬರೆಯಿರಿ, ಹೊಸಬರು ಬಿಟ್ಟುಬಿಡುವುದು ಇದನ್ನೇ. 'ಮೇನ್ ಆಫ್ ಮಾಡಿ' ಅನ್ನುವ ಎಚ್ಚರಿಕೆ 'ಮುಚ್ಚಳ ತೆಗೆಯಿರಿ' ಅನ್ನುವುದಕ್ಕಿಂತ ಮೊದಲು ಬರಬೇಕು. ಓದುತ್ತಾ ಓದುತ್ತಾ ಮಾಡುವವನು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಕೈ ಹಾಕಿಯಾಗಿರುತ್ತದೆ, ಅಲ್ವಾ? ಕೊನೆಗೆ, ಫೋನ್ ಮಾಡಿದರೂ ಮೋಟರ್ ಆನ್ ಆಗದಿದ್ದರೆ ಏನೇನು ನೋಡಬೇಕು ಅನ್ನುವ ಒಂದು ಚಿಕ್ಕ ಪಟ್ಟಿ.

ಬರೆದದ್ದನ್ನು ಆ ಸ್ಟಾರ್ಟರ್ ಮುಟ್ಟದವರ ಕೈಗೆ ಕೊಟ್ಟು ಸುಮ್ನೆ ನಿಂತು ನೋಡಿ. ಬಾಯಿ ಬಿಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ತಿದ್ದಿ. ಸ್ಯಾಂಪಲ್ ಇಂಗ್ಲಿಷಿನಲ್ಲಿ ಕಳಿಸುತ್ತೀರಿ, ಆದರೆ ಈ ಪರೀಕ್ಷೆಗೆ ಮೊದಲು ಕನ್ನಡದಲ್ಲೇ ಬರೆದುಕೊಂಡರೂ ನಷ್ಟವಿಲ್ಲ.

ಎರಡನೇ ಸ್ಯಾಂಪಲ್, ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಕಳಿಸಬಹುದಾದ ಓಪನ್ ಸೋರ್ಸ್‌ನಿಂದ ಬರಲಿ. ಗಿಟ್‌ಹಬ್‌ನಲ್ಲಿ (ಇಂಥ ಪ್ರಾಜೆಕ್ಟ್‌ಗಳನ್ನು ಇಡುವ ಸೈಟ್) ಒಂದು ಪ್ರಾಜೆಕ್ಟ್ ಆರಿಸಿ, ಅದರ ಇನ್‌ಸ್ಟಾಲ್ ಪುಟದಲ್ಲಿ ಇರುವಂತೆಯೇ ಮಾಡುತ್ತಾ ಹೋಗಿ, ಸಿಕ್ಕಿಹಾಕಿಕೊಂಡ ಜಾಗವನ್ನು ಸರಿಮಾಡಿ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ. ಒಂದು ಕಾಮಾ ಸೇರಿಸಿ ನಾನೂ ಕಾಂಟ್ರಿಬ್ಯೂಟರ್ ಅಂದುಕೊಳ್ಳುವ ಚಾಳಿ ಬೇಡ, ಪ್ರಾಜೆಕ್ಟ್ ನೋಡಿಕೊಳ್ಳುವವರು ಅದರಿಂದ ರೋಸಿಹೋಗಿದ್ದಾರೆ.

ಸರ್ಟಿಫಿಕೇಟ್? 1953ರಿಂದ ಇದ್ದ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ತಾನೇ ಸರ್ಟಿಫಿಕೇಟ್ ಕೊಡುತ್ತಿತ್ತು, 2025ರ ಜನವರಿಯಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಸರ್ಟಿಫಿಕೇಟ್ ಬೇಕಾ ಅನ್ನುವ ಪ್ರಶ್ನೆಗೆ ಇಷ್ಟು ಉತ್ತರ ಸಾಕು ಅನ್ನಿಸುತ್ತದೆ. ಅದರ ಬದಲು ಡಾಕ್ಯುಮೆಂಟ್ ಬರೆಯುವವರ ರೈಟ್ ದ ಡಾಕ್ಸ್ ಸಮುದಾಯದ ಸ್ಲ್ಯಾಕ್ ಚಾಟ್ ಗುಂಪು ಸೇರಿಕೊಳ್ಳಿ, ಅದು ಉಚಿತ.

ಎಐ ಬಂದ ಮೇಲೆ ಫ್ರೆಶರ್‌ಗಳಿಗೆ ದಾರಿ ಕಿರಿದಾಗಿದೆ, ಸುಳ್ಳು ಹೇಳುವುದಿಲ್ಲ. ಬರೀ ಭಾಷೆ ತಿದ್ದುವ ಕೆಲಸ ನಂಬಿಕೊಂಡು ಬರಬೇಡಿ. ಯಾರೂ ಎಲ್ಲೂ ಬರೆದಿಡದ, ಇಂಜಿನಿಯರ್ ತಲೆಯಲ್ಲಿ ಮಾತ್ರ ಇರುವ ವಿಷಯವನ್ನು ಹೊರತೆಗೆಯುವುದು ಇನ್ನೂ ಮನುಷ್ಯರ ಕೆಲಸವೇ. ಇಂಟರ್‌ವ್ಯೂನಲ್ಲಿ 'ಡೆವಲಪರ್ ನಿಮಗೆ ಟೈಮೇ ಕೊಡದಿದ್ದರೆ ಏನು ಮಾಡುತ್ತೀರಿ' ಅಂತ ಕೇಳುವುದು ಇದಕ್ಕೇ. ಮ್ಯಾನೇಜರ್‌ಗೆ ಹೇಳುತ್ತೇನೆ ಅನ್ನಬೇಡಿ. ಜೀರಾದಲ್ಲಿ (ತಂಡದ ಕೆಲಸಗಳನ್ನು ಬರೆದಿಡುವ ಟೂಲ್) ಇರುವ ಟಿಕೆಟ್ ಓದುತ್ತೇನೆ, ಬಿಲ್ಡ್ (ಸಾಫ್ಟ್‌ವೇರಿನ ಹೊಸ ಪ್ರತಿ) ಹಾಕಿಕೊಂಡು ನಾನೇ ನಡೆಸಿ ನೋಡುತ್ತೇನೆ, ಡ್ರಾಫ್ಟ್ ಬರೆದು, ಹೌದು-ಇಲ್ಲ ಅಂತ ಉತ್ತರಿಸಬಹುದಾದ ನಾಲ್ಕು ಪ್ರಶ್ನೆ ಕಳಿಸುತ್ತೇನೆ ಅನ್ನಿ. ಅದನ್ನು ಮಾಡಿಯೂ ಇರಿ.

ಈಗಾಗಲೇ ಸಪೋರ್ಟ್‌ನಲ್ಲೋ ಟೆಸ್ಟಿಂಗ್‌ನಲ್ಲೋ ಇದ್ದರೆ ಹೊರಗೆ ಅಲೆಯುವ ಮೊದಲು ನಿಮ್ಮ ಕಂಪನಿಯ ಡಾಕ್ಸ್ ತಂಡವನ್ನು ಮಾತಾಡಿಸಿ. ಗ್ರಾಹಕರು ಪದೇ ಪದೇ ಕೇಳುವ ಒಂದು ಪ್ರಶ್ನೆಗೆ ಉತ್ತರ ಬರೆದುಕೊಂಡು ಹೋದರೆ ಪರಿಚಯ ಸುಲಭ. ಉಳಿದವರು ಇಂಟರ್ನ್‌ಶಿಪ್, ಕಾಂಟ್ರ್ಯಾಕ್ಟ್ ಕೆಲಸ ಬಂದರೆ ಬಿಡಬೇಡಿ. ಸ್ಯಾಂಪಲ್‌ಗಳ ಲಿಂಕನ್ನು ರೆಸ್ಯೂಮೆಯ ತಲೆಯಲ್ಲೇ ಹಾಕಿ. ಕಳಿಸುವ ಮೊದಲು ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ, 'ಪರ್ಮಿಶನ್ ಕೇಳಿ' ಅನ್ನುವ ಪುಟ ಬಂದರೆ ಯಾವ ಮ್ಯಾನೇಜರೂ ಕೇಳುತ್ತಾ ಕೂರುವುದಿಲ್ಲ.