ಡೈನಾಸ್ಟಿ ಲೀಗ್‌ಗೆ ಎಳೆಯ ಆಟಗಾರರನ್ನು ಆರಿಸುವ ಮುನ್ನ

ಅಮೆರಿಕದಲ್ಲಿ ಮಾರ್ಚ್ ಬಂತೆಂದರೆ ಫ್ಯಾಂಟಸಿ ಬೇಸ್‌ಬಾಲ್ ಮಾತು ಶುರು: ನಿಜವಾದ ಆಟಗಾರರನ್ನು ಆರಿಸಿ ನಿಮ್ಮದೇ ಕಾಲ್ಪನಿಕ ತಂಡ ಕಟ್ಟುತ್ತೀರಿ, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಿಮಗೆ ಪಾಯಿಂಟ್. ಆಫೀಸಿನಲ್ಲಿ ಯಾರಾದರೂ ಕರೆದರೆ ಖಂಡಿತ ಸೇರಿಕೊಳ್ಳಿ. ಆದರೆ ಅದು ಒಂದೇ ಸೀಸನ್ನಿನ ಲೀಗೋ, ಡೈನಾಸ್ಟಿ ಲೀಗೋ ಅಂತ ಮೊದಲು ಕೇಳಿ. ಡೈನಾಸ್ಟಿಯಲ್ಲಿ ಆಟಗಾರರು ವರ್ಷದಿಂದ ವರ್ಷಕ್ಕೆ ನಿಮ್ಮ ತಂಡದಲ್ಲೇ ಉಳಿಯುತ್ತಾರೆ. ಅದಕ್ಕೇ ಇನ್ನೂ ಮೇಜರ್ ಲೀಗ್, ಅಂದರೆ ಅಲ್ಲಿನ ಅತಿ ಮೇಲಿನ ಲೀಗ್, ಮೆಟ್ಟಿಲು ಹತ್ತದ ಹುಡುಗರಿಗೂ ಅಲ್ಲಿ ಬೆಲೆ.

ನಮ್ಮ ರಣಜಿ ಆಟಗಾರ ರಾಜ್ಯಕ್ಕೆ ಆಡುತ್ತಾನೆ. ಇಲ್ಲಿ ಹಾಗಲ್ಲ. ಮೇಜರ್ ಲೀಗಿನ 30 ತಂಡಗಳಲ್ಲಿ ಒಂದೊಂದಕ್ಕೂ ನಾಲ್ಕು ಹಂತದ ಮರಿ ತಂಡಗಳಿವೆ, ಕೆಳಗಿನಿಂದ ಮೇಲಕ್ಕೆ: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಹುಡುಗರು ಸಾಮಾನ್ಯವಾಗಿ ಒಂದೊಂದೇ ಹಂತ ಏರುತ್ತಾರೆ.

ಹೊಸಬರು ಬ್ಯಾಟಿಂಗ್ ಸರಾಸರಿ ನೋಡಿ ಮರುಳಾಗುತ್ತಾರೆ. ನೀವು ವಯಸ್ಸು ನೋಡಿ. 24ರ ಹುಡುಗ ಸಿಂಗಲ್-ಎನಲ್ಲಿ ಹೊಡೆದು ಬಿಸಾಕಿದರೆ ದೊಡ್ಡ ವಿಷಯವಲ್ಲ, ಎದುರಿಗೆ ಬೌಲ್ ಮಾಡಿದವರು, ಅಂದರೆ ಪಿಚರ್‌ಗಳು, ಅವನಿಗಿಂತ ಚಿಕ್ಕವರು. 19ರವನು ಡಬಲ್-ಎನಲ್ಲಿ ಸುಮಾರಾಗಿ ಆಡಿದರೂ ಅದು ದೊಡ್ಡದು. ಹ್ವಾನ್ ಸೋಟೊ 2018ರ ಏಪ್ರಿಲ್‌ನಲ್ಲಿ ಸಿಂಗಲ್-ಎನಲ್ಲಿದ್ದ. ಮೇ ತಿಂಗಳಲ್ಲಿ, 19ನೇ ವಯಸ್ಸಿಗೇ, ವಾಷಿಂಗ್ಟನ್ ಪರ ಮೇಜರ್ ಲೀಗ್ ಆಡಿದ. ಆ ವರ್ಷ 22 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಜೊತೆಗೆ 79 ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟರೆ ಪುಕ್ಕಟೆ ಸಿಗುವ ಮೊದಲ ಬೇಸ್) ಪಡೆದ. ನನಗೆ ಆ 79 ಜಾಸ್ತಿ ಮುಖ್ಯ ಅನಿಸುತ್ತದೆ. ಕೆಟ್ಟ ಚೆಂಡು ಬಿಡುವ ಕಣ್ಣು ಇರುವವನು ಮೇಲಿನ ಹಂತದಲ್ಲೂ ಬದುಕುತ್ತಾನೆ. ಬ್ಯಾಟಿಂಗ್‌ಗೆ ಬಂದ 100 ಸಲದಲ್ಲಿ 30 ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುವವನನ್ನು, ಎಷ್ಟೇ ದೂರ ಹೊಡೆದರೂ, ನಾನು ಮುಟ್ಟುವುದಿಲ್ಲ.

ಊರೂ ಲೆಕ್ಕಕ್ಕೆ ಬರುತ್ತದೆ. ಟ್ರಿಪಲ್-ಎ ತಂಡಗಳಿರುವ ಆಲ್ಬುಕರ್ಕಿ, ರೀನೊದಂಥ ಎತ್ತರದ ಊರುಗಳಲ್ಲಿ ಗಾಳಿ ತೆಳು, ಚೆಂಡು ಹಾರುತ್ತದೆ. ಅಲ್ಲಿನ ಹೋಮ್ ರನ್‌ಗಳನ್ನು ಸ್ವಲ್ಪ ಕಳೆದೇ ಎಣಿಸಿ.

ಸ್ಕೌಟ್‌ಗಳು, ಅಂದರೆ ತಂಡಗಳಿಗಾಗಿ ಆಟಗಾರರನ್ನು ಹುಡುಕಿ ಅಳೆಯುವವರು, 20ರಿಂದ 80ರವರೆಗೆ ಅಂಕ ಕೊಡುತ್ತಾರೆ. 50 ಅಂದರೆ ಮೇಜರ್ ಲೀಗ್ ಮಟ್ಟದ ಸಾಧಾರಣ. ಆದರೆ ಅವರು ಫೀಲ್ಡಿಂಗ್, ಥ್ರೋ ಎಲ್ಲ ಸೇರಿಸಿ ಅಳೆಯುತ್ತಾರೆ. ಫ್ಯಾಂಟಸಿಯಲ್ಲಿ ಕ್ಯಾಚ್ ಹಿಡಿದರೆ ಸಾಮಾನ್ಯವಾಗಿ ಪಾಯಿಂಟ್ ಇಲ್ಲ. ಬ್ಯಾಟಿಂಗ್, ಪವರ್, ಓಟ ಈ ಮೂರರ ಅಂಕಗಳನ್ನೇ ಬೇರೆ ಮಾಡಿ ನೋಡಿ.

ಎಳೆಯ ಪಿಚರ್‌ಗಳ ಮೇಲೆ ಜಾಸ್ತಿ ಆಸೆ ಬೇಡ. ಮೊಣಕೈಗೆ ಟಾಮಿ ಜಾನ್ ಸರ್ಜರಿ ಆದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆಟವಿಲ್ಲ.

ಇನ್ನು, ಮೇಜರ್ ಲೀಗಿನಲ್ಲಿ ಮೊದಲ ಕೆಲವು ವಾರ ಸರಿಯಾಗಿ ಆಡಲಿಲ್ಲ ಅಂತ ಹುಡುಗನನ್ನು ಬಿಟ್ಟುಬಿಡಬೇಡಿ. ಮೈಕ್ ಟ್ರೌಟ್ 2011ರಲ್ಲಿ 40 ಪಂದ್ಯ ಆಡಿ .220 ಸರಾಸರಿಗೆ (100 ಸಲಕ್ಕೆ 22 ಹಿಟ್) ನಿಂತಿದ್ದ. ಮರುವರ್ಷ .326, 30 ಹೋಮ್ ರನ್, 49 ಸ್ಟೀಲ್ (ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು).