ಅರ್ಥವನ್ನು ಮಕ್ಕಳೇ ಬರೆದಾಗ: ಕೋಡಿಬಾಗದ ನನ್ನ ಅನುಭವ

ಕಾರವಾರದ ಕೋಡಿಬಾಗದಲ್ಲಿ ಏಳು-ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಬರೆಸುತ್ತೇನೆ ಎಂದಾಗ ಪರಿಚಯದ ಮೇಷ್ಟ್ರುಗಳು ಒಪ್ಪಲಿಲ್ಲ. 'ಕನ್ನಡ ಅರ್ಥ ಬಾಯಿಪಾಠ ಮಾಡಿಸಿ, ಸಾಕು' ಎಂದರು.

ಅದನ್ನೂ ಎರಡು ವರ್ಷ ಮಾಡಿದ್ದೆ. ದಿನಕ್ಕೆ ಹತ್ತು ಪದ. ಶನಿವಾರ ಕೇಳಿದರೆ ಅರವತ್ತರಲ್ಲಿ ಹದಿನೈದು ಉಳಿದಿದ್ದರೆ ಜಾಸ್ತಿ. ಆಮೇಲೆ ಹುಬ್ಬಳ್ಳಿಯಿಂದ ಚಿತ್ರದ ಕಾರ್ಡು ತರಿಸಿದೆ, ಸುಮಾರು 1,400 ರೂಪಾಯಿ. ಅದರಲ್ಲಿ ಹಿಮದ ಮನೆ ಇತ್ತು. ದೋಣಿ, ಬಲೆ ಇರಲಿಲ್ಲ. ಜುಲೈ ಮಳೆಗೆ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡವು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು 'ಟೈಡ್' ಎಂಬ ಪದದಿಂದ. ಡಿಕ್ಷನರಿಯ ಅರ್ಥದಲ್ಲಿ 'ರೆಗ್ಯುಲರ್' ಎಂದಿತ್ತು. ಅದಕ್ಕೆ ಮತ್ತೊಂದು ಅರ್ಥ ಹುಡುಕಬೇಕು. ಮೀನುಗಾರರ ಮನೆಯ ಹುಡುಗಿಯೊಬ್ಬಳು, 'ಸರ್, ಇದು ಭರತಿ-ಸುಕ್ತಿ ಅಲ್ವಾ?' ಎಂದಳು. ಸಮುದ್ರದ ಉಬ್ಬರ-ಇಳಿತಕ್ಕೆ ಕೊಂಕಣಿ ಮಾತು ಅದು. ನೀನೇ ಬರಿ ಎಂದು ಪೆನ್ಸಿಲ್ ಕೊಟ್ಟೆ. ಬರೆದಳು: 'ಸೀ ಕಮ್ಸ್ ನಿಯರ್. ಸೀ ಗೋಸ್ ಫಾರ್. ಟೂ ಟೈಮ್ಸ್ ಎವ್ರಿ ಡೇ.' ವ್ಯಾಕರಣ ಬಿಡಿ. ಅವಳಿಗೆ ಗೊತ್ತಿಲ್ಲದ ಒಂದು ಪದವೂ ಅದರಲ್ಲಿ ಇರಲಿಲ್ಲ.

ಅವತ್ತಿನಿಂದ ಒಂದೇ ನಿಯಮ. ಪದಕ್ಕೊಂದು ಕಾರ್ಡು ಬರೆದು ಡಬ್ಬಿಗೆ ಹಾಕುವುದು, ಡಬ್ಬಿಯಲ್ಲಿ ಆಗಲೇ ಇರುವ ಪದಗಳಲ್ಲೇ ಹೊಸ ಪದದ ಅರ್ಥ ಬರೆಯಬೇಕು. ಪದಗಳನ್ನು ಇಂಗ್ಲಿಷ್ ಬೋಧನೆಯ ತಜ್ಞ ಮೈಕೆಲ್ ವೆಸ್ಟ್ 1953ರಲ್ಲಿ ಕೊಟ್ಟ, ಹೆಚ್ಚು ಬಳಕೆಯ ಸುಮಾರು 2,000 ಇಂಗ್ಲಿಷ್ ಪದಗಳ ಪಟ್ಟಿಯಿಂದ ತೆಗೆದೆ. ಮೊದಲ ಐವತ್ತನ್ನು ಹೇಗೆ ಆರಿಸಿದೆ ಎಂದು ಮಾತ್ರ ಇಲ್ಲಿ ಹೇಳುವುದಿಲ್ಲ, ಅದಕ್ಕೆ ನನಗೆ ಒಂದಿಡೀ ಮಳೆಗಾಲ ಹಿಡಿದಿದೆ.

ಕಾರ್ಡಿಗೆ ಹಳೇ ಮದುವೆ ಕಾಗದ ಕತ್ತರಿಸಿದೆ. ಖರ್ಚಾಗಿದ್ದು ಗಟ್ಟಿ ಮುಚ್ಚಳದ ಮೂರು ಡಬ್ಬಿಗೆ, 200ರ ಒಳಗೆ. ಸರಿ ಹೇಳಿದರೆ ಕಾರ್ಡು ಮುಂದಿನ ಡಬ್ಬಿಗೆ, ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ಮೊದಲನೆಯದು ದಿನಾ, ಎರಡನೆಯದು ವಾರಕ್ಕೊಮ್ಮೆ, ಮೂರನೆಯದು ತಿಂಗಳಿಗೊಮ್ಮೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ, ನಮ್ಮ ಕಡೆಯ ಭಾಷೆಗಳಿಂದ ಇಂಗ್ಲಿಷಿಗೆ ಹೋದ ಪದ ಹಿಡಿದು ಕಲಿಸುವುದು. 'ಕಾಯರ್' (ತೆಂಗಿನ ನಾರು), 'ಕಾಪ್ರಾ' (ಕೊಬ್ಬರಿ) ಮಲಯಾಳಂನಿಂದ ಇಂಗ್ಲಿಷಿಗೆ ಹೋದ ಪದಗಳು. ಕೊಬ್ಬರಿ ಎಂದ ಕೂಡಲೇ ಕಾಪ್ರಾ ತಲೆಯಲ್ಲಿ ನಿಂತಿತು. ಆದರೆ ಅಂಥವು ಹತ್ತು-ಹನ್ನೆರಡು ಸಿಕ್ಕಿದವು ಅಷ್ಟೇ, ಬಿಟ್ಟೆ.

ಮಾರ್ಚ್ ಹೊತ್ತಿಗೆ ಸುಮಾರು 450 ಪದ ಆಗಿತ್ತು. ಕಣ್ಮುಚ್ಚಿ ಕಾರ್ಡು ಎತ್ತಿ ಕೇಳಿದೆ, ಹತ್ತಕ್ಕೆ ಎಂಟು ಸರಿ. ಬೇಡ ಎಂದಿದ್ದ ಮೇಷ್ಟ್ರೊಬ್ಬರು ಕಳೆದ ವಾರ ಮನೆಗೆ ಬಂದು ಮೂರೂ ಡಬ್ಬಿ ಬಿಚ್ಚಿ ನೋಡಿದರು. 'ಟೈಡ್' ಕಾರ್ಡಿನ ಫೋಟೊ ತೆಗೆದುಕೊಂಡು ಹೋದರು.