ಇಂಗ್ಲೆಂಡಿನ ಹಳೆಯ ಬಂಗಲೆಯಲ್ಲಿ ಆಫ್ಟರ್‌ನೂನ್ ಟೀ: ಹೋಗುವುದು ಹೇಗೆ, ಕುಡಿಯುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ತಂದೆ-ತಾಯಂದಿರನ್ನು ಹಳೆಯ ಶ್ರೀಮಂತ ಮನೆತನದ ಬಂಗಲೆಯೊಂದಕ್ಕೆ ಕರೆದೊಯ್ದು ಆಫ್ಟರ್‌ನೂನ್ ಟೀ, ಅಂದರೆ ಬಗೆಬಗೆಯ ತಿಂಡಿಗಳೊಂದಿಗೆ ಮಧ್ಯಾಹ್ನದ ಚಹಾ, ಕುಡಿಸಬೇಕೆಂಬ ಆಸೆ ಅಲ್ಲಿನ ನಮ್ಮವರಲ್ಲಿ ಅನೇಕರಿಗಿದೆ. ಹೀಗೆ ಹೊರಟವರು ಬಾಗಿಲಿನಿಂದಲೇ ಹಿಂತಿರುಗಿದ್ದನ್ನೂ, ಒಳಗೆ ಕುಳಿತವರು ಕಹಿಯಾದ ಚಹಾ ಕುಡಿದು ಅರ್ಧ ತಿಂಡಿ ಬಿಟ್ಟು ಎದ್ದಿದ್ದನ್ನೂ ನಾನು ಹಲವು ಬಾರಿ ಕಂಡಿದ್ದೇನೆ. ಲಂಡನ್ನಿಗೆ ಹತ್ತಿರದ ಕ್ಲಿವ್‌ಡನ್ ಬಂಗಲೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ಮೊದಲ ಕೆಲಸ ಮೇಜು ಕಾಯ್ದಿರಿಸುವುದು. ಥೇಮ್ಸ್ ನದಿಯ ಮೇಲಿನ ದಿಬ್ಬದಲ್ಲಿರುವ ಕ್ಲಿವ್‌ಡನ್ 1849ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ, ಲಂಡನ್ನಿನ ಪಾರ್ಲಿಮೆಂಟ್ ಭವನವನ್ನು ರೂಪಿಸಿದ ಚಾರ್ಲ್ಸ್ ಬ್ಯಾರಿ ಅದನ್ನು ಮತ್ತೆ ಕಟ್ಟಿದರು. 1893ರಲ್ಲಿ ಆಸ್ಟರ್ ಕುಟುಂಬದ ಕೈಸೇರಿದ ಈ ಆಸ್ತಿ 1942ರಲ್ಲಿ, ಹಳೆಯ ಬಂಗಲೆ-ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಬಂತು. ಈಗ ತೋಟವನ್ನು ಟ್ರಸ್ಟ್ ನೋಡಿಕೊಳ್ಳುತ್ತದೆ, ಮನೆಯಲ್ಲಿ ಹೋಟೆಲ್ ನಡೆಯುತ್ತಿದೆ. ತೋಟದ ಟಿಕೆಟ್ ಕೊಂಡವರು ಅದೇ ಚೀಟಿ ಹಿಡಿದು ಮನೆಯೊಳಗೆ ಚಹಾಕ್ಕೆ ಹೋಗಬಹುದೆಂದು ತಿಳಿಯುವುದೇ ಎಲ್ಲರೂ ಮಾಡುವ ತಪ್ಪು. ಚಹಾವನ್ನು ಹೋಟೆಲಿನಲ್ಲಿ ಬೇರೆಯಾಗಿ, ಆದಷ್ಟು ಮುಂಚಿತವಾಗಿ ಕಾಯ್ದಿರಿಸಬೇಕು.

ಸಸ್ಯಾಹಾರಿಗಳು ಅದನ್ನು ಕಾಯ್ದಿರಿಸುವಾಗಲೇ ತಿಳಿಸಬೇಕು. ಮೊಟ್ಟೆಯನ್ನೂ ತಿನ್ನದವರು ಅದನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಸಸ್ಯಾಹಾರ ಎಂದರೆ ಮೊಟ್ಟೆ ಸೇರಿದ್ದೇ ಆಗಿರುತ್ತದೆ. ಕೆಲವು ಮೆತ್ತನೆಯ ಸಿಹಿತಿನಿಸುಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ಅದನ್ನೂ ಕೇಳಿಕೊಳ್ಳುವುದು ಒಳ್ಳೆಯದು.

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಮೇಡನ್‌ಹೆಡ್‌ಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ. ಆ ದಿನ ಮಧ್ಯಾಹ್ನದ ಊಟ ಬೇಡ. ಚಹಾಕ್ಕೆ ಎರಡು ಗಂಟೆ ಮೊದಲೇ ತಲುಪಿ, ಮನೆಯ ಹಿಂದಿನ ಜಗಲಿಯಿಂದ ನದಿಯವರೆಗೆ ಚಾಚಿದ ನೋಟವನ್ನು ನೋಡಿಕೊಂಡು ಬನ್ನಿ.

ನಮ್ಮ ದೊಡ್ಡ ಹೋಟೆಲುಗಳು ಆಫ್ಟರ್‌ನೂನ್ ಟೀಯನ್ನು 'ಹೈ ಟೀ' ಎಂದು ಕರೆಯುವುದು ಸರಿಯಲ್ಲ. ಹೈ ಟೀ ಎಂದರೆ ದುಡಿಯುವ ಜನ ಸಂಜೆ ಮನೆಗೆ ಬಂದು ಮಾಡುತ್ತಿದ್ದ ಬಿಸಿ ಊಟ. ಆಫ್ಟರ್‌ನೂನ್ ಟೀಯನ್ನು ರೂಢಿಗೆ ತಂದವರು ವೋಬರ್ನ್ ಆ್ಯಬಿ ಎಂಬ ಬಂಗಲೆಯಲ್ಲಿದ್ದ ಬೆಡ್‌ಫರ್ಡಿನ 7ನೇ ಡಚೆಸ್ ಆನಾ ಎಂಬ ಪ್ರತೀತಿ ಇದೆ. 1840ರ ಸುಮಾರಿಗೆ ರಾತ್ರಿಯ ಊಟ ತಡವಾಗುತ್ತ ಹೋದಾಗ, ನಡುವೆ ಹಸಿವು ತಣಿಸಲು ಅವರು ಚಹಾದೊಂದಿಗೆ ತಿಂಡಿ ತರಿಸಿಕೊಳ್ಳುತ್ತಿದ್ದರಂತೆ.

ಇನ್ನು ನಮ್ಮವರು ಹೆಚ್ಚು ಎಡವುವ ಜಾಗಕ್ಕೆ ಬರೋಣ, ಅದು ಚಹಾದ ಕೆಟಲ್. ನಮ್ಮ ಚಹಾ ಹಾಲಿನೊಂದಿಗೆ ಕುದ್ದು, ಸೋಸಿ ಲೋಟಕ್ಕೆ ಬರುತ್ತದೆ, ಅದರ ರುಚಿ ಒಲೆಯ ಮೇಲೆಯೇ ತೀರ್ಮಾನವಾಗಿರುತ್ತದೆ. ಅಲ್ಲಿ ಬಿಸಿನೀರಿನಲ್ಲಿ ಎಲೆ ನೆನೆಯುತ್ತಿರುವ ಕೆಟಲನ್ನೇ ಮೇಜಿಗೆ ತಂದಿಡುತ್ತಾರೆ. ತಕ್ಷಣ ಬಗ್ಗಿಸಿದರೆ ಬಣ್ಣದ ನೀರು, ಮಾತಿನಲ್ಲಿ ಮೈಮರೆತರೆ ಕಷಾಯ. ಒಮ್ಮೆ ನನ್ನ ಚಿಕ್ಕಮ್ಮ ಮೊದಲ ಕಪ್ ಸಪ್ಪೆಯೆಂದು ಎರಡನೆಯದಕ್ಕೆ ಇಪ್ಪತ್ತು ನಿಮಿಷ ಕಾದರು. ಆಗ ಕಪ್ಪಿಗೆ ಬಿದ್ದದ್ದು ಎಷ್ಟು ಕಡು ಕಂದುಬಣ್ಣದ ಚಹಾ ಎಂದರೆ, ಎರಡು ಚಮಚ ಸಕ್ಕರೆ ಹಾಕಿದರೂ ಅದರ ಒಗರು ಹೋಗಲಿಲ್ಲ. ಆದ್ದರಿಂದ ಕೆಟಲ್ ಬಂದ ಮೇಲೆ ನಾಲ್ಕು ನಿಮಿಷ ಕಾಯಿರಿ. ಕಪ್ಪಿನ ಮೇಲೆ ಸೋಸಣಿಗೆ ಇಟ್ಟು, ಎಲೆಯ ಮೇಲೆ ನೀರು ನಿಲ್ಲದಂತೆ ಇರುವಷ್ಟನ್ನೂ ಒಂದೇ ಸುತ್ತಿನಲ್ಲಿ ಎಲ್ಲರ ಕಪ್ಪುಗಳಿಗೆ ಬಗ್ಗಿಸಿಬಿಡಿ. ಎರಡನೆಯ ಸುತ್ತಿಗೆ ಬಿಸಿನೀರು ಕೇಳಿ ತರಿಸಿಕೊಂಡು ಅದೇ ಎಲೆಗೆ ಹಾಕಿದರೆ ಸಾಕು. ಹಾಲು ಆಮೇಲೆ, ಬಣ್ಣ ನೋಡಿಕೊಂಡು. ನಮ್ಮ ನಾಲಿಗೆಗೆ ಅಸ್ಸಾಂ ಚಹಾವೇ ಸರಿ. ಡಾರ್ಜಿಲಿಂಗ್‌ಗೆ ಹಾಲು ಹಾಕಬೇಡಿ, ಅದರ ಪರಿಮಳವೆಲ್ಲ ಅಡಗಿಹೋಗುತ್ತದೆ.

ತಿಂಡಿಗಳನ್ನು ಜೋಡಿಸಿ ತರುವ ಮೂರಂತಸ್ತಿನ ತಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಖಾಲಿ ಮಾಡಬೇಕು. ಸಾಮಾನ್ಯವಾಗಿ ಕೆಳಗೆ ಅಂಚು ಕತ್ತರಿಸಿದ ಸ್ಯಾಂಡ್‌ವಿಚ್, ನಡುವೆ ಸ್ಕೋನ್ ಎಂಬ ಸಣ್ಣ ಬನ್ನಿನಂಥ ತಿನಿಸು, ಮೇಲೆ ಕೇಕು ಇರುತ್ತವೆ. ಕೆಲವೆಡೆ ಸ್ಕೋನನ್ನು ಆರದಿರಲೆಂದು ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ತರುತ್ತಾರೆ.

ಸ್ಕೋನಿಗೆ ಚಾಕು ಹಾಕಬೇಡಿ. ನಡುವೆ ಒಂದು ಬಿರುಕು ಕಾಣುತ್ತದೆ, ಎರಡೂ ಕೈಯಲ್ಲಿ ಹಿಡಿದು ಅಲ್ಲಿ ತಿರುಚಿದರೆ ಹಬೆಯಾಡುವ ಎರಡು ಹೋಳುಗಳಾಗುತ್ತವೆ. ಜೊತೆಗೆ ಬರುವ ಕ್ಲಾಟೆಡ್ ಕ್ರೀಮ್ ನಮಗೆ ಹೊಸದೇನಲ್ಲ. ನಿಧಾನವಾಗಿ ಕಾಯಿಸಿ ಆರಲು ಬಿಟ್ಟ ಹಾಲಿನ ಮೇಲೆ ನಿಲ್ಲುವ ಗಟ್ಟಿ ಕೆನೆಯ ಹತ್ತಿರದ ಬಂಧು ಅದು. ಡೆವನ್ ಜಿಲ್ಲೆಯವರು ಮೊದಲು ಕೆನೆ ಹಚ್ಚಿ ಮೇಲೆ ಜಾಮ್ ಇಡುತ್ತಾರೆ, ಕಾರ್ನ್‌ವಾಲಿನವರು ಮೊದಲು ಜಾಮ್ ಹಚ್ಚುತ್ತಾರೆ. ಕಾರ್ನ್‌ವಾಲಿನವರ ಕ್ರಮವನ್ನೇ ಅನುಸರಿಸಿ, ಬಿಸಿ ಸ್ಕೋನಿಗೆ ನೇರವಾಗಿ ತಾಗಿದ ಕೆನೆ ಕರಗಿ ಬೆರಳಿಗೆ ಇಳಿಯುತ್ತದೆ. ಎರಡು ಹೋಳುಗಳನ್ನು ಮತ್ತೆ ಜೋಡಿಸದೆ ಒಂದೊಂದಾಗಿ ತಿನ್ನಿ. ಕ್ಲಾಟೆಡ್ ಕ್ರೀಮಿನ ಬದಲು ಡಬ್ಬಿಯಿಂದ ಚಿಮ್ಮಿಸಿದ ನೊರೆಕೆನೆ ಕೊಟ್ಟರೆ ಧೈರ್ಯವಾಗಿ ಹಿಂದಕ್ಕೆ ಕಳುಹಿಸಿ.

ಕೇಕು ಉಳಿದರೆ ಡಬ್ಬಿಗೆ ಹಾಕಿಕೊಡಿ ಎಂದು ಕೇಳಲು ಸಂಕೋಚ ಬೇಡ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಬೇರೆ ಟಿಪ್ಸ್ ಕೊಡಬೇಕಾಗಿಲ್ಲ. ಏಳುವ ಮೊದಲು, ಬ್ರಿಟಿಷ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಆಸನ ಸ್ವೀಕರಿಸಿದ ಮೊದಲ ಮಹಿಳೆ ನ್ಯಾನ್ಸಿ ಆಸ್ಟರ್ ಅವರ ಭಾವಚಿತ್ರವನ್ನು ಗ್ರೇಟ್ ಹಾಲ್‌ನಲ್ಲಿ ನೋಡಿ. ಮರಳುವ ಟ್ಯಾಕ್ಸಿಯನ್ನು ಮಾತ್ರ ಬರುವಾಗಲೇ ಗೊತ್ತುಮಾಡಿಕೊಂಡಿರಿ, ಬಂಗಲೆಯ ಮುಂದಿನ ಉದ್ದನೆಯ ದಾರಿಯಲ್ಲಿ ಕೈಯೆತ್ತಿ ನಿಲ್ಲಿಸಲು ಯಾವ ವಾಹನವೂ ಸಿಗುವುದಿಲ್ಲ.